ಗುಲಫಶಾ ಓದಿದ ಮನೆವಾರ್ತೆ

ಆಳಂದದ ಸುತ್ತಮುತ್ತ ಇಂದು ಮಕ್ಕಳ ಕೈಹಿಡಿದು ಶಾಲೆಗೆ ಬರುವ ತಾಯಿತಂದೆಯರಲ್ಲಿ ಎಷ್ಟೋ ಜನರ ಮದುವೆಯ ವಿಡಿಯೊ ತೆಗೆದವರು ಜಹೀರುದ್ದೀನ. ನಮ್ಮ ಓಣಿಯವರೇ. ಬಿಳಿ ಅಂಗಿ, ಹೆಗಲಿಗೆ ಕಪ್ಪು ಚೀಲ, ಚೀಲದೊಳಗೆ ಟೇಪು ಹಾಕುವ ಕ್ಯಾಮರಾ. ಈ ವೇಷದಲ್ಲಿ ಅವರು ಮಟಕಿ ಊರಿನ ಬಸ್ಸು ಹತ್ತುವುದನ್ನು ನಾನು ಶಾಲೆಯ ಕಿಟಕಿಯಿಂದ ಅನೇಕ ಸಲ ನೋಡಿದ್ದೇನೆ. ಲಿಂಗಾಯತರ ಮದುವೆಗೂ ಅವರೇ ಬೇಕು, ಮುಸಲ್ಮಾನರ ನಿಕಾಹಕ್ಕೂ ಅವರೇ ಬೇಕು. ನಿಕಾಹದ ಮನೆಯಲ್ಲಿ ಹೆಂಗಸರ ಕಡೆಗೆ ಗಂಡಸು ಕ್ಯಾಮರಾ ಹಿಡಿದು ಹೋಗುವಂತಿಲ್ಲ. ಅದಕ್ಕಾಗಿ ಅವರು ತಮ್ಮ ಹೆಂಡತಿ ಬದರುನ್ನಿಸಾ ಅವರಿಗೆ ಕೆಲಸ ಕಲಿಸಿದ್ದರು. ಆಕೆ ಬುರ್ಖಾ ಮೇಲೆಯೇ ಕ್ಯಾಮರಾ ಹೊತ್ತು ಒಳಗೆ ಹೋಗಿ, ಮದುಮಗಳ ಮೆಹಂದಿಯಿಂದ ಹಿಡಿದು ಅಜ್ಜಿಯರ ಎಲೆಯಡಿಕೆಯವರೆಗೆ ಎಲ್ಲವನ್ನೂ ತೆಗೆದುಕೊಂಡು ಬರುತ್ತಿದ್ದರು.

“ನನಗಿಂತ ಅಕಿ ಕೈ ಗಟ್ಟಿ ಅದರೀ ಸರ್” ಎನ್ನುತ್ತಿದ್ದರು ಜಹೀರುದ್ದೀನ. “ನಂದು ಬಿರಿಯಾನಿ ವಾಸನಿ ಬಂತಂದ್ರ ಅಲ್ಲಾಡತದ.”

ಆ ಕ್ಯಾಮರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಅದಕ್ಕೊಂದು ಕಾರಣವಿದೆ. ಮೊದಮೊದಲು ಮಟಕಿಯ ಒಂದು ಮದುವೆಯ ವಿಡಿಯೊವನ್ನು ಬೀಗರೆಲ್ಲ ಕೂಡಿ ನೋಡುತ್ತಿದ್ದಾಗ, ಅರಿಶಿನ ಹಚ್ಚುವ ದೃಶ್ಯದ ಹಿಂದೆ, ಮದುಮಗಳ ಚಿಕ್ಕಮ್ಮ ಗಂಡಿನ ತಾಯಿಯನ್ನು ಕುರಿತು ಅಡುಗೆಮನೆಯಲ್ಲಿ ಆಡಿದ ಮಾತು ಸ್ಪಷ್ಟವಾಗಿ ಕೇಳಿಸಿಬಿಟ್ಟಿತು. ಅಂದೇ ಹುಡುಗಿಯನ್ನು ತವರಿಗೆ ಕಳಿಸಿದರು. ಅವಳು ಮರಳಿ ಗಂಡನ ಮನೆ ಸೇರುವಷ್ಟರಲ್ಲಿ ವರ್ಷ ಕಳೆದಿತ್ತು. ಜಹೀರುದ್ದೀನರ ಮನಸ್ಸಿಗೆ ಅದು ಬಹಳ ಹತ್ತಿತು. ಹೊರಗಿನ ಮೈಕಿನ ತಂತಿ ಸಿಕ್ಕಿಸಲೆಂದು ಕ್ಯಾಮರಾದ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಏನಾದರೂ ಪಿನ್ನು ಸಿಕ್ಕಿಸಿದರೆ ಕ್ಯಾಮರಾದ ಸ್ವಂತ ಮೈಕು ಕೆಲಸ ನಿಲ್ಲಿಸುತ್ತದೆ. ಅವರು ಹಳೆಯ ಇಯರ್‌ಫೋನಿನ ಪಿನ್ನನ್ನು ಮುರಿದು ಆ ತೂತಿನಲ್ಲಿ ತುರುಕಿ, ಮೇಲೆ ಕಪ್ಪು ಬಣ್ಣ ಬಳಿದುಬಿಟ್ಟರು. ಹೇಗೂ ಕಲಬುರಗಿಯಲ್ಲಿ ಎಡಿಟಿಂಗ್ ಮಾಡುವವರು ಉದ್ದಕ್ಕೂ ಹಾಡು ಹಾಕಿಯೇ ಕೊಡುತ್ತಿದ್ದರು. ಧ್ವನಿ ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ.

“ಮಂದಿ ಮನಿ ಮಾತು ನಾ ಯಾಕ ಹೊತಗೊಂಡು ತಿರಗಬೇಕ್ರಿ?” ಎಂದು ಅವರು ನನಗೆ ಹೇಳಿದ್ದರು. ಅವರನ್ನು ಜನ ಒಳಮನೆಯವರೆಗೆ ಬಿಟ್ಟುಕೊಳ್ಳುತ್ತಿದ್ದದ್ದು ಈ ಗುಣಕ್ಕಾಗಿಯೇ.

ಅವರಿಗೆ ಒಬ್ಬಳೇ ಮಗಳು, ಗುಲಫಶಾ. ಮನೆಯಲ್ಲಿ ಕರೆಯುವುದು ಗುಲ್ಲು ಎಂದು. ನನ್ನ ವಿದ್ಯಾರ್ಥಿನಿ. ಬೆಳಗಿನ ಪ್ರಾರ್ಥನೆಯಾದ ಮೇಲೆ ಪತ್ರಿಕೆಯ ಮುಖ್ಯ ಸುದ್ದಿಗಳನ್ನು ಓದುವ ಕೆಲಸವನ್ನು ನಾನು ಅವಳಿಗೆ ಕೊಟ್ಟಿದ್ದೆ. ಮನೆಯಲ್ಲಿ ದಖನಿ ಉರ್ದು ಮಾತು. ಆದರೂ ಒತ್ತಕ್ಷರ, ಮಹಾಪ್ರಾಣ ಒಂದೂ ಜಾರುತ್ತಿರಲಿಲ್ಲ. ಧ್ವನಿ ಸಣ್ಣದು. ಆದರೆ ಮೈದಾನದ ಕೊನೆಯಲ್ಲಿದ್ದ ಬೇವಿನ ಗಿಡದ ಕೆಳಗೆ ನಿಂತರೂ ಕೇಳುತ್ತಿತ್ತು. “ವಾರ್ತೆಗಳು. ಓದುತ್ತಿರುವವರು ಗುಲಫಶಾ” ಎಂದು ಹೇಳಿ, ಒಂದು ಕ್ಷಣ ತಡೆದು, ಆಮೇಲೆ ಶುರುಮಾಡುತ್ತಿದ್ದಳು. ಆ ತಡೆಯುವಿಕೆಯಲ್ಲಿ ಇಡೀ ಶಾಲೆ ಸುಮ್ಮನಾಗುತ್ತಿತ್ತು.

ಸಂಜೆ ಮನೆಯಲ್ಲಿ ಮನೆಯದೇ ವಾರ್ತೆ ಓದುತ್ತಿದ್ದಳಂತೆ. ಅಮ್ಮೀಜಾನ್ ಇಂದು ಸಾರಿಗೆ ಎರಡು ಸಲ ಉಪ್ಪು ಹಾಕಿದರು, ಅಬ್ಬಾಜಾನ್ ಅದನ್ನು ಹೊಗಳಿ ಉಂಡರು, ಹೀಗೆ. ಒಂದು ಸಂಜೆ, ಯಾವುದೋ ನಿಕಾಹದಿಂದ ಬಂದು ಕ್ಯಾಮರಾ ಇಳಿಸುವಾಗ, ಟೇಪಿನಲ್ಲಿ ಇನ್ನೂ ಸ್ವಲ್ಪ ಉಳಿದಿರುವುದನ್ನು ಬದರುನ್ನಿಸಾ ನೋಡಿದರು. ಮಗಳನ್ನು ಅಂಗಳದಲ್ಲಿ ನಿಲ್ಲಿಸಿ, “ಓದು ಬೇ” ಎಂದರು. ಅವಳು ದುಪಟ್ಟಾ ಸರಿಮಾಡಿಕೊಂಡು ವಾರ್ತೆ ಓದಿದಳು. ತಾಯಿ ನಗುತ್ತ ತೆಗೆದರು. ನಿಕಾಹದ ಎಡಿಟಿಂಗ್ ಮುಗಿದು ಬಂದ ಮೇಲೆ ಆ ಟೇಪನ್ನು ಬೇರೆ ಮಾಡಿ, ಮೇಲೆ ಹೆಸರು ಬರೆದು, ಕಪಾಟಿನಲ್ಲಿಟ್ಟರು.

ಅದೇ ಮಳೆಗಾಲದಲ್ಲಿ ಗುಲಫಶಾಳಿಗೆ ಜ್ವರ ಬಂತು. ಕಲಬುರಗಿಗೆ ಕರೆದುಕೊಂಡು ಹೋದರು. ಅವಳು ಮರಳಿ ಬರಲಿಲ್ಲ.

ಆಗ ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಸಾದಾ ಫೋನು. ಅದರಲ್ಲಿ ಮಗಳದ್ದೇನೂ ಇರಲಿಲ್ಲ. ಇದ್ದದ್ದು ಗೋಡೆಯ ಮೇಲಿನ ಒಂದು ಫೋಟೊ ಮತ್ತು ಕಪಾಟಿನ ಆ ಟೇಪು. ಟೇಪನ್ನು ಹಾಕಿ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ. “ಅದು ಅಲ್ಲಿ ಅದ, ಅಷ್ಟು ಸಾಕು” ಎನ್ನುತ್ತಿದ್ದರು ಬದರುನ್ನಿಸಾ.

ಹೀಗೆ ಕೆಲವು ವರ್ಷಗಳು ಹೋದವು. ಟೇಪಿನ ಕಾಲ ಮುಗಿಯಿತು. ಯಡ್ರಾಮಿಯ ಒಂದು ಮದುವೆಯಲ್ಲಿ ಮದುಮಗನ ಗೆಳೆಯನೊಬ್ಬ ಎಲ್ಲರೆದುರಿಗೆ, “ಕಾಕಾ, ಇದು ಕ್ಯಾಮರಾನೋ, ನಿಮ್ಮ ಮುತ್ಯಾನ ಹಾರ್ಮೋನಿಯಂ ಪೆಟಗಿನೋ? ಬಾರಸ್ರಿ ಒಂದಿಷ್ಟು, ಹಾಡತೇವಿ” ಎಂದನಂತೆ. ಚಪ್ಪರವೆಲ್ಲ ನಕ್ಕಿತು. ಜಹೀರುದ್ದೀನರೂ ನಕ್ಕರು. ಆ ಹಂಗಾಮು ಮುಗಿದ ಕೂಡಲೇ ಕಾರ್ಡಿನ ಹೊಸ ಕ್ಯಾಮರಾ ತಂದರು. ಹಳೆಯದನ್ನು ಅಫಜಲಪುರದಲ್ಲಿ ಸ್ಟುಡಿಯೊ ಇಟ್ಟಿದ್ದ ಗೆಳೆಯ ಪೀರಪ್ಪನಿಗೆ ಕೊಟ್ಟರು. ತನ್ನ ಅಂಗಡಿಯೂ ಹಳೆಯದೆಂದು ಗಿರಾಕಿಗಳಿಗೆ ತೋರಿಸಲು ಅವನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ. ಟೇಪು ಕಪಾಟಿನಲ್ಲಿ ಇದೆಯಲ್ಲ ಎಂಬ ಸಮಾಧಾನದಲ್ಲಿ, ಅದನ್ನು ನುಡಿಸಬಲ್ಲ ಯಂತ್ರ ಮನೆ ಬಿಟ್ಟು ಹೋದದ್ದು ಅವರ ಲಕ್ಷ್ಯಕ್ಕೆ ಬರಲಿಲ್ಲ.

ಬದರುನ್ನಿಸಾ ಅವರಿಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿಯಿತು. ಮೊದಲು ಆಕೆ ಮಗಳ ಫೋಟೊದ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಗಾಜಿಗೆ ಹೊಗೆ ಹಿಡಿದಿದೆಯೆಂದು ಗಂಡನ ಮೇಲೆ ಸಿಟ್ಟಾಗುತ್ತಿದ್ದರು. ಆಮೇಲೆ ಒರೆಸುವುದನ್ನು ನಿಲ್ಲಿಸಿದರು. ಸೋಲಾಪುರದ ಆಸ್ಪತ್ರೆಯವರೆಗೆ ಹೋಗಿ ಬಂದದ್ದಾಯಿತು. ಕಳೆದ ವರ್ಷದಿಂದ ಆಕೆಗೆ ಬೆಳಕು ಕತ್ತಲೆಯ ಭೇದ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಒಂದು ದಿನ ಚಹ ಕುಡಿಯುತ್ತ ಕುಳಿತಿದ್ದಾಗ ಆಕೆ ನನ್ನೆದುರಿಗೇ ಗಂಡನಿಗೆ ಹೇಳಿದರು: “ಗುಲ್ಲುಂದು ಸುದ್ದಿ ಕೇಳಬೇಕು ನಾನು. ಅಕಿ ಮಾರಿ ಅಂತೂ ಕಾಣದಂಗ ಆಯ್ತು. ಧ್ವನಿನೂ ಹಂಗ ಹಂಗ ಹೊಂಟದ. ರಾತ್ರಿ ನೆನಸಾಕ ಹೋದ್ರ ಬಾಜೂಮನಿ ಹುಡಿಗಿ ಧ್ವನಿ ಬರತದ.”

ಜಹೀರುದ್ದೀನ ಚಹದ ಬಸಿ ಕೆಳಗಿಟ್ಟರು. “ಕೇಳಸ್ತೇನಿ” ಎಂದರು. ಅಷ್ಟೇ.

ಅವರು ಹೊಸ ಹುರುಪು ಬಂದವರಂತೆ ಓಡಾಡತೊಡಗಿದರು. ಟಿವಿಯ ಧ್ವನಿ ಡಬ್ಬಿಯೊಳಗಿನ ನೊಣದ ಹಾಗಿದೆ, ಅದರಲ್ಲಿ ಮಗಳ ಧ್ವನಿ ಕೇಳಿಸಲಾರೆ ಎಂದರು. ಜೇವರ್ಗಿಯಲ್ಲಿ ರೇಡಿಯೊ ಟಿವಿ ಅಂಗಡಿ ಇಟ್ಟಿರುವ ಅಲ್ತಾಫನನ್ನು ಕರೆಸಿದರು. ಅವನು ಬದರುನ್ನಿಸಾ ಅವರ ಅಣ್ಣನ ಮಗ. ಐದು ಸಣ್ಣ ಸ್ಪೀಕರು, ಗುಡುಗುವ ದೊಡ್ಡ ಪೆಟ್ಟಿಗೆ ಒಂದು, ಹೀಗೆ ಹೋಮ್ ಥಿಯೇಟರನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಅವನು ಬಂದ. ಪುಸ್ತಕದಲ್ಲಿ ತೋರಿಸಿದಂತೆ ಕೋಣೆಯ ಮೂಲೆಗಳಿಗೆ ಅವನು ಜಡಿದರೆ, ಜಹೀರುದ್ದೀನ ಕಿತ್ತು ಬೇರೆ ಕಡೆ ಜಡಿಸಿದರು.

“ಫೂಫಾ, ಇದು ಕಂಪನಿಯವರು ಹೇಳಿದ್ದ ಜಾಗಾ ಅಲ್ರೀ.”

“ಕಂಪನಿಯವರು ನಮ್ಮನಿಗಿ ಬಂದಿದ್ರೇನಲೇ? ಅಕಿ ನಿಂತಿದ್ದು ಅಂಗಳದಾಗ. ಧ್ವನಿ ಬಾಗಲ ಕಡಿಂದ ಬರಬೇಕು. ನಿಮ್ಮ ಫೂಫಿ ಕೂಡೋದು ಇಲ್ಲಿ. ಬಾಗಲಕ್ಕ ಹಚ್ಚು.”

“ಗೋಡಿಗಿ ಇಷ್ಟು ತೂತು ಬಿದ್ದಾವ, ನಾಳಿ ಇರವಿ ನಿಮಗ ಬಾಡಗಿ ಕೊಡತಾವ ನೋಡ್ರಿ” ಎಂದ ಅಲ್ತಾಫ.

ಬದರುನ್ನಿಸಾ ನಕ್ಕರು. ಆ ಮನೆಯಲ್ಲಿ ನಗೆ ಕೇಳಿ ನನಗೆ ಬಹಳ ದಿನಗಳಾಗಿದ್ದವು. ಅಲ್ತಾಫ ಪರೀಕ್ಷೆಗೆಂದು ಒಂದು ಹಾಡು ಹಾಕಿದ. ಆಕೆ ತಡವರಿಸುತ್ತ ಹೋಗಿ ದೊಡ್ಡ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. “ಅರೇ, ಇದು ನಡಗಾಕತ್ತದ ಬೇಟಾ, ಜೀವ ಇದ್ದಂಗ” ಎಂದು ಬೆರಗಾದರು.

ಮರುದಿನ ಜಹೀರುದ್ದೀನ ಹಳೆಯ ಕ್ಯಾಮರಾ ತರಲು ಅಫಜಲಪುರಕ್ಕೆ ಹೋದರು. ಪೀರಪ್ಪ ಅದಕ್ಕೆ ಹಬ್ಬದಲ್ಲಿ ವಿಭೂತಿ ಹಚ್ಚಿ ಪೂಜೆ ಮಾಡಿದ್ದ. ಒಣಗಿದ ಹಾರ ಇನ್ನೂ ಇತ್ತು.

“ಒಯ್ಯಿ ಮಾರಾಯಾ. ನಾ ಇದಕ್ಕ ವಿಭೂತಿ ಹಚ್ಚೀನಿ, ನೀ ಕಣ್ಣಿಗಿ ಸುರಮಾ ಹಚ್ಚು” ಎಂದು ಅವನು ಗಾಜಿನ ಪೆಟ್ಟಿಗೆ ತೆರೆದ. ತಂತಿ ಹಚ್ಚಿ ನೋಡಿದರು. ಕ್ಯಾಮರಾ ಗುರ್‍ರೆಂದಿತು, ಟೇಪಿನ ಬಾಗಿಲು ತೆರೆಯಿತು. “ಎಲ್ಲ ಸರಿ ಅದ. ಈ ಬಾಜೂ ತೂತಿನ್ಯಾಗ ಏನೋ ಮುರದು ಕುಂತದ ನೋಡು. ಚಿಮಟಾ ಕೊಡಲೇನು?”

“ಅದು ಇರ್ಲಿ ಬಿಡು. ನಾನs ಹಾಕೀನಿ” ಎಂದರು ಜಹೀರುದ್ದೀನ.

ಬಾಯಿ ರೂಢಿಯಿಂದ ಆಡಿದ ಮಾತು ಅದು. ಮರಳುವಾಗ ಅತನೂರ ದಾಟಿದ ಮೇಲೆ, ತೊಡೆಯ ಮೇಲಿದ್ದ ಕ್ಯಾಮರಾದ ಮೇಲೆ ಅವರ ಹೆಬ್ಬೆರಳು ತಾನಾಗಿ ಸರಿದು ಆ ಪಿನ್ನಿನ ಮೊಂಡು ತುದಿಗೆ ತಾಗಿತು. ಆಗ ಹೊಳೆಯಿತಂತೆ. “ಬಸ್ಸಿನ್ಯಾಗ ಕುಂತು, ಸರ್, ಆವತ್ತು ಒಂದಿನ ತಗದಿರಬಹುದು, ತಗದಿರಬಹುದು ಅಂತ ಊರು ಬರೋತನಕ ಅನಕೊಂತ ಬಂದೆ” ಎಂದು ಆಮೇಲೆ ನನಗೆ ಹೇಳಿದರು. ತೆಗೆದಿರಲು ಕಾರಣವೇ ಇರಲಿಲ್ಲ. ಬಣ್ಣ ಬಳಿದ ಮೇಲೆ ಆ ಪಿನ್ನು ಇದೆಯೆಂಬುದನ್ನೇ ಮನೆಯವರು ಮರೆತಿದ್ದರು.

ಅಂದು ಮಧ್ಯಾಹ್ನ ಅವರು ನನ್ನನ್ನು ಕರೆಯಲು ತಾವೇ ಬಂದರು. ಮುಖ ಬೂದಿಯಾಗಿತ್ತು. “ನೀವು ಬರ್ರಿ ಸರ್. ಅಕಿ ಓದೋದು ನೀವು ಕೇಳೀರಿ” ಎಂದರು. ನಾನು ಅವರ ಹಿಂದೆಯೇ ಹೊರಟೆ.

ಬದರುನ್ನಿಸಾ ಸ್ನಾನ ಮಾಡಿ, ಹೊಸ ಸೀರೆಯುಟ್ಟು, ಹಾಡಿನ ದಿನದ ಹಾಗೆಯೇ ದೊಡ್ಡ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದರು. ಜಹೀರುದ್ದೀನ ತಂತಿಗಳನ್ನು ಜೋಡಿಸಿ ಟೇಪು ಹಾಕಿ, ನಿಕಾಹದ ಭಾಗವನ್ನು ಓಡಿಸಿ ದಾಟಿಸಿದರು. ಪರದೆಯ ಮೇಲೆ ಗೆರೆಗಳು ಓಡಿದವು. ಆಮೇಲೆ ಅಂಗಳ ಬಂತು, ತೊಳೆದ ಹಂಡೆ ಬಂತು, ಗುಲಫಶಾ ಬಂದಳು. ದುಪಟ್ಟಾ ಎಳೆದುಕೊಂಡಳು. ತುಟಿ ಅಲ್ಲಾಡಿತು. ಒಂದು ಕ್ಷಣ ತಡೆದಳು. ಆ ತಡೆಯುವಿಕೆ ನನಗೆ ಗೊತ್ತಿತ್ತು.

ಸ್ಪೀಕರುಗಳಲ್ಲಿ ಸದ್ದಿಲ್ಲ. ಜಹೀರುದ್ದೀನ ಧ್ವನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಬಾಗಿಲ ಬಳಿಯ ಸ್ಪೀಕರಿನಿಂದ ಸಣ್ಣ ಗಾಳಿಯಂಥದ್ದು ಬಂತು, ಅಷ್ಟೇ.

“ಇನ್ನೂ ಚಾಲೂ ಆಗಿಲ್ಲೇನು?” ಎಂದರು ಬದರುನ್ನಿಸಾ.

ಪರದೆಯ ಮೇಲೆ ಅವಳು ಓದುತ್ತಲೇ ಇದ್ದಳು.

“ಬಂದಾಳೇನು ಅಕಿ?”

“ಬಂದಾಳ” ಎಂದರು.

“ಓದಾಕತ್ತಾಳೇನು?”

“ಓದಾಕತ್ತಾಳ.”

ಆಕೆ ಪೆಟ್ಟಿಗೆಯ ಕಡೆಗೆ ಕಿವಿ ಬಾಗಿಸಿದರು. ಆಮೇಲೆ ಬಹಳ ಮೆಲ್ಲಗೆ, “ಪಿನ್ನು” ಎಂದರು. “ಕ್ಯಾಮರಾ ನಾನs ಹಿಡದಿದ್ದೆ. ನಿಕಾಹದಿಂದ ಬಂದಾಕಿ, ಹಂಗs ಹಿಡದೆ. ತಗೀಲಿಲ್ಲ.”

“ಹಾಕಿದಾಂವ ನಾನು ಬೇ. ಹಾಕಿದಾಂವ ನಾನು” ಎಂದು ಜಹೀರುದ್ದೀನ ನೆಲಕ್ಕೆ ಕುಳಿತರು.

“ಸರ್” ಎಂದು ಆಕೆ ನನ್ನ ಕಡೆಗೆ ಮುಖ ತಿರುಗಿಸಿದರು. “ನೀವು ಅಕಿ ಬಾಯಿ ನೋಡಿ ಹೇಳ್ರಿ. ಏನ ಅನ್ನಾಕತ್ತಾಳ?”

ನಾನು ಪ್ರಯತ್ನಿಸಿದೆ. ನಲವತ್ತು ವರ್ಷ ಮಕ್ಕಳ ಬಾಯಿ ನೋಡಿ ಉಚ್ಚಾರ ತಿದ್ದಿದವನು ನಾನು. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿಸಿದೆ. ಮೊದಲನೆಯದು ತಿಳಿಯಿತು. “ವಾರ್ತೆಗಳು. ಓದುತ್ತಿರುವವರು ಗುಲಫಶಾ” ಎಂದು ಹೇಳಿದೆ. ಮುಂದೆ ತಿಳಿಯಲಿಲ್ಲ. ಅವಳು ನಡುನಡುವೆ ನಗುತ್ತಿದ್ದಳು. ತಾಯಿಯನ್ನೇ ನೋಡಿ ನಗುತ್ತಿದ್ದಳು, ಅಂದರೆ ನಮ್ಮನ್ನು. ಉಪ್ಪಿನ ಸುದ್ದಿಯೋ ಬೇರೆ ಯಾವುದೋ. ಏನಾದರೊಂದು ಹೇಳಿಬಿಡಬಹುದಾಗಿತ್ತು. ಆ ಮುಖದೆದುರು ಸುಳ್ಳು ಬರಲಿಲ್ಲ.

“ಇರ್ಲಿ ಸರ್” ಎಂದರು ಆಕೆ. “ಅದು ನಿಮ್ಮ ಧ್ವನಿ.”

ಪೆಟ್ಟಿಗೆಯ ಮೇಲಿನ ಕೈಯನ್ನು ಆಕೆ ತೆಗೆಯಲಿಲ್ಲ. ಪರದೆಯ ಮೇಲೆ ಗುಲಫಶಾ ಕೈಮುಗಿದು, ಕ್ಯಾಮರಾದ ಕಡೆ ಓಡಿ ಬಂದಳು. ಚಿತ್ರ ಅಲ್ಲಾಡಿ ಕಪ್ಪಾಯಿತು. ಜಹೀರುದ್ದೀನ ಎದ್ದು ಕ್ಯಾಮರಾ ಆರಿಸಿದರು. ಮುಗಿಯಿತೆಂದು ಆಕೆಗೆ ಹೇಳುವ ಮನಸ್ಸು ಗಂಡಸರಿಬ್ಬರಿಗೂ ಬರಲಿಲ್ಲ. ಹೊರಗೆ ತರಕಾರಿ ಬಂಡಿಯವನು ಕೂಗಿಕೊಂಡು ಹೋದ.

ಎಷ್ಟೋ ಹೊತ್ತಿನ ಮೇಲೆ ಬದರುನ್ನಿಸಾ ಕೇಳಿದರು: “ಇನ್ನೂ ನಡದದೇನು?”

ಇಂದಿಗೂ ಆ ಸ್ಪೀಕರುಗಳು ಅವರ ಗೋಡೆಯ ಮೇಲಿವೆ. ಯಾರೂ ಹಚ್ಚುವುದಿಲ್ಲ. ಜಹೀರುದ್ದೀನ ಮದುವೆಗಳಿಗೆ ಹೋಗುತ್ತಾರೆ, ಹೊಸ ಕ್ಯಾಮರಾದ ತೂತು ತೆರೆದೇ ಇರುತ್ತದೆ. ಜನರ ಮನೆಯ ಮಾತೆಲ್ಲ ಅದರಲ್ಲಿ ಬೀಳುತ್ತದೆ, ಕಲಬುರಗಿಯವರು ಅದರ ಮೇಲೆ ಹಾಡು ಹಾಕುತ್ತಾರೆ. ಆ ಟೇಪನ್ನು ನೀವಾದರೂ ಒಬ್ಬರೇ ನೋಡುತ್ತೀರಾ ಎಂದು ನಾನೊಮ್ಮೆ ಕೇಳಿದೆ.

“ಇಲ್ರೀ ಸರ್” ಎಂದು ಅವರು ಹೆಂಡತಿ ಕುಳಿತಿದ್ದ ಕಡೆ ನೋಡಿದರು. “ಅಕಿ ಉಪವಾಸ ಕುಂತಾಗ ನಾ ಹೆಂಗ ಉಣ್ಣಲಿ?”