ಒಬ್ದುಲಿಯಾಳ ಮರಿಗೆ

ಮೈಯಲ್ಲಿ ನೋವಿದೆ ಎಂದು ಒಬ್ದುಲಿಯಾ ಬಾಯಿ ಬಿಟ್ಟಿದ್ದು ಒಂದೇ ಸಲ. ಅದೇ ತಪ್ಪಾಯಿತು. ಮರುದಿನ ಬೆಳಿಗ್ಗೆಯಿಂದ ಅವಳ ಅಂಗಳ ಪಿರಾಯೂ ಊರಿನ ಕೆಲಸವಿಲ್ಲದ ವೈದ್ಯರಿಗೆಲ್ಲ ಬೀಡಾಯಿತು. ಒಬ್ಬಳು ಶುಂಠಿ ತಂದಳು, ಇನ್ನೊಬ್ಬಳು ಹೆಸರೇ ಹೇಳಲು ಬಾರದ ಬೇರು ತಂದಳು, ಮೂಲೆಮನೆಯ ಮುದುಕ ಉಡದ ಕೊಬ್ಬು ತಂದು ಮಂಡಿಗೆ ಸವರಿಕೋ ಎಂದ. ಎಲ್ಲರೂ ಅವಳ ಮಾವಿನ ಮರದ ನೆರಳಲ್ಲಿ ಕೂತು, ಅವಳು ಜಜ್ಜಿದ ಸೊಪ್ಪು ಹಾಕಿದ ತಣ್ಣನೆಯ ತೆರೆರೆ ಕಷಾಯ ಹೀರಿ, ಅವಳು ಬೇಯಿಸಿದ ಮರಗೆಣಸು ಬಾಯಿ ತುಂಬ ತಿಂದು, ಅವಳು ಏನೇನು ತಿನ್ನಬಾರದು ಎಂದು ಹೇಳಿ ಎದ್ದು ಹೋದರು. ಉಡದ ಕೊಬ್ಬನ್ನು ಒಬ್ದುಲಿಯಾ ಬಾಗಿಲಿನ ಕೀಲುಗಳಿಗೆ ಸವರಿದಳು. ಬಾಗಿಲಿನ ಕಿರುಗುಟ್ಟುವಿಕೆ ನಿಂತಿತು. ಆ ಔಷಧದಿಂದ ಆದ ಉಪಯೋಗ ಅಷ್ಟೇ.

ಆ ಬೇಸಿಗೆಯಲ್ಲಿ ಚಿಕೂನ್‌ಗುನ್ಯಾ ಇಡೀ ಊರನ್ನೇ ಮಲಗಿಸಿತ್ತು. ಉಳಿದವರು ನರಳಿ ಎದ್ದರು. ಒಬ್ದುಲಿಯಾಳಿಗೆ ಜ್ವರ ಬಿಟ್ಟಿತು, ನೋವು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಿಚಲು ಬಾರದು. ಮಣಿಕಟ್ಟು ಊದಿಕೊಂಡಿರುತ್ತದೆ. ಕೂದಲು ಬಾಚಿ ಮುಗಿಸುವಷ್ಟರಲ್ಲಿ ಮತ್ತೆ ಮಲಗಿಬಿಡೋಣ ಅನ್ನಿಸುವ ಸುಸ್ತು. ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, ತಾಳ್ಮೆ ಇರಲಿ ಅಮ್ಮ ಅಂದ. ತಾಳ್ಮೆ ಒಬ್ದುಲಿಯಾಳಿಗೆ ಹುಟ್ಟಿದಾಗಿನಿಂದ ಇಲ್ಲ. ಅದು ಊರಿಗೆಲ್ಲ ಗೊತ್ತು.

ಅವಳು ಯಾರನ್ನೂ ಸುಲಭಕ್ಕೆ ಮೆಚ್ಚಿದವಳಲ್ಲ. ಮದುವೆಯಾಗಿ ಬಂದ ದಿನವೇ ಅತ್ತೆ ನ್ಯಾ ಪೆತ್ರೋನಾ ಬಡಿಸಿದ ಸಾರಿಗೆ ಉಪ್ಪು ಕಡಿಮೆ ಎಂದಿದ್ದಳು. ಗಂಡ ರುಫೀನೋ ಹೆದರಿ ತಟ್ಟೆ ನೋಡುತ್ತ ಕೂತ. ಅತ್ತೆ ಮಾತ್ರ ಒಂದು ಚಮಚ ರುಚಿ ನೋಡಿ, ಹೌದು ಕಡಿಮೆ ಎಂದಳು. ಇದೊಂದು ಮಾತಿಗೇ ಇರಬೇಕು, ಮುಂದೆ ನ್ಯಾ ಪೆತ್ರೋನಾ ತನ್ನ ಮರಿಗೆಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳು ಲಿಬ್ರಾದಾಳಿಗೆ ಕೊಡದೆ ಸೊಸೆಗೆ ಕೊಟ್ಟಳು.

ಒಂದೇ ದಿಮ್ಮಿಯಲ್ಲಿ ಕೆತ್ತಿದ, ಕೂಸನ್ನು ಮಲಗಿಸುವಷ್ಟು ಉದ್ದದ, ಹಿಟ್ಟು ನಾದುವ ಮರಿಗೆ ಅದು. ಯೇಸು ಸತ್ತ ವಾರದ ಬುಧವಾರ ಅದರಲ್ಲಿ ಚೀಪಾ ಎಂಬ ರೊಟ್ಟಿಗೆ ಹಿಟ್ಟು ನಾದುತ್ತಾರೆ. ಮರಗೆಣಸಿನ ಹಿಟ್ಟು, ಚೀಸ್, ಮೊಟ್ಟೆ, ಹಂದಿ ಕೊಬ್ಬು, ಸೋಂಪು, ಹಾಲು. ಅಂಗಳದ ಮಣ್ಣಿನ ಗೂಡೊಲೆಯಲ್ಲಿ ಬಾಳೆಲೆಯ ಮೇಲೆ ಸುಡುತ್ತಾರೆ. ಗುರುವಾರ ದೊಡ್ಡ ಊಟ. ಶುಕ್ರವಾರ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ, ಚೀಪಾ ತಿಂದೇ ದಿನ ಕಳೆಯಬೇಕು. ಬುಧವಾರ ಮರಿಗೆಯಲ್ಲಿ ಯಾರ ಕೈ ಇರುತ್ತದೋ ಅವಳೇ ಆ ಮನೆತನದ ಹಿರಿಯಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಆ ಅಂಗಳಕ್ಕೇ ಬರುತ್ತಾರೆ. ಕೈ ಸೋತರೆ ಮರಿಗೆ ಮನೆ ಬದಲಿಸುತ್ತದೆ, ಅದರ ಹಿಂದೆಯೇ ಜನವೂ ಹೋಗುತ್ತದೆ. ಇದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಆದರೆ ಹಾಗೇ ನಡೆಯುತ್ತದೆ.

ಆದ್ದರಿಂದ ಒಬ್ದುಲಿಯಾ ಊರಿನವರ ಮಾತು ಬಿಟ್ಟು ತನ್ನ ಮೈ ಏನು ಹೇಳುತ್ತದೆಂದು ಕೇಳಿಸಿಕೊಂಡಳು. ಅಂಗಡಿಯ ಸಾಸೇಜು ಹುರಿದು ತಿಂದ ರಾತ್ರಿಯ ಮರುದಿನ ಬೆರಳು ಮರದ ತುಂಡಿನಂತಾಗುತ್ತಿದ್ದವು. ಸಕ್ಕರೆ ಸುರಿದ ಪಾನಕ, ಬಾಟಲಿಯ ಸೋಡಾ ಕುಡಿದರೂ ಅಷ್ಟೇ. ಮೂಳೆಗೆ ಕುಂಬಳಕಾಯಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದ ಸಾರು, ಅವರೆ, ಜೋಳದ ಉಂಡೆ, ಒಮ್ಮೊಮ್ಮೆ ಹೊಳೆಮೀನು, ಇಷ್ಟು ತಿಂದ ದಿನ ಮೈ ಸ್ವಲ್ಪ ಮಾತು ಕೇಳುತ್ತಿತ್ತು. ಮರಗೆಣಸು ಬಿಡು ಎಂದವರಿಗೆ ಅವಳು ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ. ಮರಗೆಣಸು ಬಿಟ್ಟು ಬದುಕುವವರು ಪರಾಗ್ವೇಯಲ್ಲಿ ಯಾಕೆ ಹುಟ್ಟಬೇಕಿತ್ತು?

ಒಲೆಯ ಪಕ್ಕಕ್ಕೆ ಕುಳ್ಳ ಕುರ್ಚಿ ಎಳೆದುಕೊಂಡು ಕೂತೇ ಅಡುಗೆ ಮಾಡಿದಳು. ಭಾರದ ಕಬ್ಬಿಣದ ಪಾತ್ರೆಯನ್ನು ಎತ್ತದೆ ಒಲೆಯ ಮೇಲೇ ಬಿಟ್ಟು ಸೌಟಿನಲ್ಲಿ ಬಡಿಸಿದಳು. ಗೆಣಸಿನ ಸಿಪ್ಪೆ ತೆಗೆಯುವುದನ್ನು ರುಫೀನೋನ ತಲೆಗೆ ಕಟ್ಟಿದಳು. ಅವನು ಗೆಣಸಿನ ಅರ್ಧವನ್ನೂ ಸಿಪ್ಪೆಯ ಜೊತೆ ಬಿಸಾಡುತ್ತಿದ್ದ. ಬೆಳಗಿನ ಹೊತ್ತು ಯಾರೂ ನೋಡದಾಗ, ಬಿಸಿಲಿಗೆ ಕಾದ ಗೂಡೊಲೆಯ ಗೋಡೆಗೆ ಎರಡೂ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಬೆರಳು ಸಡಿಲವಾಗುವ ತನಕ ನಿಂತು, ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದಳು.

"ವಾಸಿಯಾಗುತ್ತಾ ಇದರಿಂದ?" ಎಂದು ರುಫೀನೋ ಕೇಳಿದ್ದ.

"ವಾಸಿ ಮಾಡೋದು ಊರಿನವರ ಕೆಲಸ. ನಾನು ಅಡುಗೆ ಮಾಡ್ತಿದೀನಿ," ಅಂದಳು.

ಊರಿನವರೆಲ್ಲ ಸೇರಿ ಕೊಟ್ಟ ಕಾಟ ಒಂದು ತೂಕವಾದರೆ ನಾದಿನಿ ಲಿಬ್ರಾದಾ ಒಬ್ಬಳದೇ ಇನ್ನೊಂದು ತೂಕ. ರಾಜಧಾನಿ ಅಸುನ್ಸಿಯೋನಿನ ದೊಡ್ಡ ಮನೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಮರಳಿದವಳು. ಬರುವಾಗ ಒಂದು ಫೋನನ್ನೂ, ಅದರೊಳಗೆ ತುಂಬಿದ ಪಥ್ಯಗಳನ್ನೂ ತಂದಿದ್ದಳು. ದಿನಾ ಬೆಳಿಗ್ಗೆ ಮಾವಿನ ಮರದ ಕೆಳಗೆ ಹಾಜರು. ತೆರೆರೆ ಎಲೆ ತುಂಬಿದ ಕೊಂಬಿನ ಲೋಟ ಒಬ್ಬರ ಕೈಯಿಂದ ಒಬ್ಬರಿಗೆ ಸುತ್ತುತ್ತಿರುತ್ತದೆ. ಸಾಕಾದವರು ಲೋಟ ಮರಳಿಸುವಾಗ ಉಪಕಾರ ಎನ್ನಬೇಕು. ಅಂದರೆ ಮುಗಿಯಿತು, ಆಮೇಲೆ ಅವರಿಗೆ ಯಾರೂ ನೀರು ಸುರಿಯುವುದಿಲ್ಲ. ಲಿಬ್ರಾದಾಳ ಬಾಯಲ್ಲಿ ಆ ಮಾತು ಒಂದು ದಿನವೂ ಬಂದಿರಲಿಲ್ಲ. ನೀರು ಖಾಲಿಯಾಗುವ ತನಕ ಕೂತಿರುತ್ತಿದ್ದಳು.

"ಅತ್ತಿಗೆ, ಹಂದಿ ಕೊಬ್ಬು ಬಿಡ್ಬೇಕು ನೀನು. ಚೀಸ್ ಬಿಡ್ಬೇಕು. ಮೊಟ್ಟೆ ಅಂತೂ ವಿಷ."

"ಉಸಿರಾಡಬಹುದಾ?"

"ತಮಾಷೆ ಅಲ್ಲ. ಬರೀ ಬೇಯಿಸಿದ ಸೀಮೆಬದನೆ ತಿಂದು ಒಬ್ರು ಎದ್ದು ಓಡಾಡ್ತಿದಾರಂತೆ."

"ಸೀಮೆಬದನೆ ಕಂಡ್ರೆ ಯಾರಾದ್ರೂ ಓಡ್ತಾರೆ," ಅಂದಳು ಒಬ್ದುಲಿಯಾ. ರುಫೀನೋ ನಗು ತಡೆಯಲಾಗದೆ ಕೆಮ್ಮಿದ.

ಲಿಬ್ರಾದಾ ಕೊಂಬಿನ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿಯುತ್ತಿದ್ದಳು. ಪಾದ್ರಿ ಪೂಜೆಯ ಬಟ್ಟಲು ಎತ್ತಿದ ಹಾಗೆ ಎಂದು ಒಬ್ದುಲಿಯಾ ಅವಳ ಎದುರೇ ಆಡಿಕೊಳ್ಳುತ್ತಿದ್ದಳು. ಕುಡಿದ ಮೇಲೆ ಒಂದು ಪಾತ್ರೆ ತೊಳೆಯುವುದಿಲ್ಲ, ಒಂದು ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ, ಎಲ್ಲದಕ್ಕೂ ಯಾರನ್ನಾದರೂ ಕೂಗುತ್ತಾಳೆ. ಶ್ರೀಮಂತರ ಮನೆಯ ಗಾಳಿ ತಗುಲಿ ಕೈ ಮೇಣವಾಗಿದೆ ಎಂದು ಒಬ್ದುಲಿಯಾ ರುಫೀನೋನಿಗೆ ಹೇಳಿದಳು. ಅಂಥವಳಿಗೆ ಮರಿಗೆ ಬೇಕಂತೆ.

ಬುಧವಾರ ಹತ್ತಿರವಾದಂತೆ ಒಬ್ದುಲಿಯಾ ಶಕ್ತಿಯನ್ನು ಕೂಡಿಡತೊಡಗಿದಳು. ಬಟ್ಟೆ ಒಗೆಯಲಿಲ್ಲ. ಅಂಗಳ ಗುಡಿಸಲಿಲ್ಲ. ಸಾರು ಕುಡಿದಳು, ಹೊತ್ತಿಗೆ ಮುಂಚೆ ಮಲಗಿದಳು. ಸೋಮವಾರ ಅವಳ ಬೆರಳು ಚೆನ್ನಾಗಿಯೇ ಮಡಿಚುತ್ತಿದ್ದವು. ಆದರೆ ಅಹಂಕಾರ ಎಲ್ಲಿ ಬಿಟ್ಟೀತು? ಮಂಗಳವಾರ ಲಿಬ್ರಾದಾ ನೋಡಲಿ ಎಂದೇ ಅಂಗಳದ ನಡುವೆ ಕೂತು ಮರಿಗೆಯನ್ನು ಉಜ್ಜಿ ತೊಳೆದಳು, ಚೀಸಿನ ಗಡ್ಡೆಗಳನ್ನು ತಾನೇ ತುರಿದಳು. ವಾರವಿಡೀ ಕೂಡಿಟ್ಟದ್ದನ್ನು ಒಂದು ಮಧ್ಯಾಹ್ನದಲ್ಲಿ ನಾದಿನಿಯ ಕಣ್ಣಿಗೆ ಖರ್ಚು ಮಾಡಿದಳು.

ಬುಧವಾರ ಬೆಳಿಗ್ಗೆ ಮನೆಮಂದಿ ಎಲ್ಲ ಸುತ್ತ ನೆರೆದಿದ್ದರು. ಹಂದಿ ಕೊಬ್ಬನ್ನು ಮೊದಲು ಕೈಯಿಂದಲೇ ಕಡೆದು ಬೆಣ್ಣೆಯ ಹಾಗೆ ಮಾಡಬೇಕು. ಒಬ್ದುಲಿಯಾ ಕೈ ಇಳಿಸಿದಳು. ಬೆರಳುಗಳು ಕೊಬ್ಬಿನಲ್ಲಿ ಊರಿ ನಿಂತವು, ತಿರುಗಲಿಲ್ಲ. ಇನ್ನೊಮ್ಮೆ ನೋಡಿದಳು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏಳು ಅತ್ತಿಗೆ," ಎಂದಳು ಲಿಬ್ರಾದಾ. "ನಾನು ಮಾಡ್ತೀನಿ."

ಒಬ್ದುಲಿಯಾ ಎದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಅವಳು ಎದ್ದ ಜಾಗದಲ್ಲಿ ಲಿಬ್ರಾದಾ ಕೂತಳು. ಕೂತವಳೇ ಮಾಡಿದ ಮೊದಲ ಕೆಲಸವೆಂದರೆ ಕೊಬ್ಬನ್ನು ಬಳಿದು ಬಟ್ಟಲಿಗೆ ವಾಪಸು ಹಾಕಿಸಿದ್ದು.

"ಇದನ್ನೆಲ್ಲ ತಿಂದೇ ಅತ್ತಿಗೆ ಹೀಗಾಗಿದ್ದು. ಈ ಸಲ ಒಂಚೂರು ಕೊಬ್ಬು ಸಾಕು. ಚೀಸಿನ ಬದಲು ಸೀಮೆಬದನೆ ಬೇಯಿಸಿ ತಂದಿದೀನಿ. ಎಲ್ಲರ ಒಳ್ಳೇದಕ್ಕೇ."

ಪಿರಾಯೂ ಹುಟ್ಟಿದಾಗಿನಿಂದ ಆ ಊರಿನಲ್ಲಿ ಯಾರೂ ಚೀಪಾಕ್ಕೆ ಸೀಮೆಬದನೆ ಹಾಕಿರಲಿಲ್ಲ. ಆದರೆ ಮರಿಗೆಯ ಮುಂದೆ ಕೂತವಳ ಮಾತೇ ಮಾತು. ಲಿಬ್ರಾದಾ ಹಿಟ್ಟಿನಲ್ಲಿ ಬೆರಳನ್ನು ಮುಳುಗಿಸದೆ ಅಂಗೈಯಿಂದ ಮೇಲೆ ಮೇಲೆ ಒತ್ತಿದಳು. ಒಬ್ದುಲಿಯಾ ದೂರದ ಕುರ್ಚಿಯಿಂದ ನೋಡುತ್ತ, ಹಿಟ್ಟಿಗೆ ಮುದ್ದು ಮಾಡ್ತಿದಾಳೆ ಎಂದು ಮೂಗು ಮುರಿದಳು.

ಬಿಸಿಯಿರುವಾಗ ಏನು ತಿಂದರೂ ಗಂಟಲಿಗೆ ಇಳಿಯುತ್ತದೆ. ಗುರುವಾರ ದೊಡ್ಡ ಊಟದ ಗದ್ದಲದಲ್ಲಿ ಚೀಪಾದ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಶುಕ್ರವಾರ ಬೇರೆ ದಾರಿ ಇರಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ ಎಲ್ಲರೂ ಒಂದೊಂದು ಎತ್ತಿಕೊಂಡರು, ಕಚ್ಚಿದರು. ರುಫೀನೋನ ಚಿಕ್ಕಪ್ಪ ಕಟ್ಟಿಸಿಕೊಂಡ ಹಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡ. ಒಬ್ಬ ಸೊಸೆ ತನ್ನದನ್ನು ಕಲ್ಲಿನಿಂದ ಒಡೆದು ಮಗುವಿಗೆ ಕೊಟ್ಟಳು. ನಾಯಿ ಹತ್ತಿರ ಬಂದು ಮೂಸಿ, ದೂರ ಹೋಗಿ ಮಲಗಿತು. ಅಂಗಡಿಗಳು ಮುಚ್ಚಿದ್ದವು, ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ, ಮನೆಮಂದಿಯೆಲ್ಲ ಹಸಿದು ಕೂತಿತ್ತು.

ದೇವರು ಸತ್ತ ದಿನ ಅಷ್ಟು ಖುಷಿಪಡಬಾರದೆಂದು ಒಬ್ದುಲಿಯಾಳಿಗೂ ಗೊತ್ತಿತ್ತು. ಆದರೂ ಪಟ್ಟಳು. ಇನ್ನು ಮರಿಗೆ ಎಲ್ಲಿಗೂ ಹೋಗುವುದಿಲ್ಲ. ಬಾಯಿ ಒಣಗುವಷ್ಟು ಮಾತು ಸಿದ್ಧ ಮಾಡಿಕೊಂಡು, ಅದನ್ನೆಲ್ಲ ಸುರಿಯಲು ನಾದಿನಿಯನ್ನು ಹುಡುಕಿಕೊಂಡು ಮನೆಯ ಹಿಂದಕ್ಕೆ ಹೋದಳು.

ಲಿಬ್ರಾದಾ ಗೂಡೊಲೆಯ ಬಳಿ ಇದ್ದಳು. ಬಿಸಿಲಿಗೆ ಕಾದ ಮಣ್ಣಿನ ಗೋಡೆಗೆ ಎರಡೂ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಬೆರಳಿನ ಗೆಣ್ಣುಗಳು ಊದಿದ್ದವು.

ಒಬ್ದುಲಿಯಾ ಹತ್ತಿರ ಹೋದಳು. ತನ್ನ ಬೆರಳಿನ ಊತವನ್ನು ನೋಡಿದಷ್ಟೇ ಚೆನ್ನಾಗಿ ಅದನ್ನು ನೋಡಿದಳು. ಲೋಟ ಹಿಡಿಯುವ ಅಂಗೈಗಳು, ತೆರೆಯಲಾಗದ ಮುಚ್ಚಳ, ತೊಳೆಯದ ಪಾತ್ರೆ ಎಲ್ಲ ಒಟ್ಟಿಗೇ ನೆನಪಾದವು. ಇಷ್ಟು ದಿನ ಕಣ್ಣೆದುರೇ ಇದ್ದದ್ದನ್ನು ಆಡಿಕೊಂಡು ನಕ್ಕಿದ್ದಳು.

"ಯಾವಾಗಿಂದ?" ಎಂದಳು.

ಲಿಬ್ರಾದಾ ಬೆಚ್ಚಿ ಕೈ ತೆಗೆದಳು. ಆಮೇಲೆ ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡು ಮತ್ತೆ ಗೋಡೆಗೆ ಇಟ್ಟಳು. "ನಿನಗೆ ಜ್ವರ ಬಂದಾಗಲೇ ನನಗೂ ಬಂತು."

"ಬಾಯಿ ಬಿಡೋಕೇನಾಗಿತ್ತು?"

"ನೀನು ಬಿಟ್ಟಿದ್ದಕ್ಕೆ ಏನಾಯ್ತು ಅಂತ ನೋಡಿದ್ನಲ್ಲ. ಜೊತೆಗೆ ನಿನ್ನ ನಾಲಗೆ ಬೇರೆ."

"ಮತ್ತೆ ಆ ಸೀಮೆಬದನೆ?"

"ಎಷ್ಟೋ ತಿಂಗಳಿಂದ ಅದನ್ನೇ ತಿಂತಿದೀನಿ."

"ಏನಾಯ್ತು?"

"ಹಸಿವಾಯ್ತು," ಎಂದಳು ಲಿಬ್ರಾದಾ. "ನೀನೂ ತಿಂದು ನಿನಗೆ ಗುಣವಾದ್ರೆ ನನಗೂ ಆಗಬಹುದು ಅನ್ಕೊಂಡೆ. ನೀನು ತಿನ್ನಲೇ ಇಲ್ಲ."

"ನಾದೋಕಾಗಲ್ಲ ಅಂತ ಗೊತ್ತಿದ್ದೂ ಯಾಕೆ ಕೂತೆ ಮಾರಾಯ್ತಿ?"

"ಅಮ್ಮನ ಮರಿಗೆ ಅತ್ತಿಗೆ. ಒಂದು ಸಲ ಕೈ ಹಾಕ್ಬೇಕು ಅನ್ನಿಸ್ತು. ಆಗಬಹುದೇನೋ ಅನ್ಕೊಂಡೆ. ನಿನ್ನ ಹಾಗೇ."

ಒಬ್ದುಲಿಯಾಳಿಗೆ ಸಿಟ್ಟು ಬಂತು. ನಾದಿನಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಅದನ್ನು ಏನು ಮಾಡಬೇಕೆಂದು ತಿಳಿಯದೆ, ಬಾ ಎಂದು ಮುಂದೆ ನಡೆದಳು.

ಮಾವಿನ ಮರದ ಕೆಳಗೆ ಅವಳೇ ತೆರೆರೆಗೆ ನೀರು ಸುರಿದಳು. ತಣ್ಣೀರಿಗೆ ಒಲೆಯ ಹಂಗಿಲ್ಲ, ಶುಕ್ರವಾರಕ್ಕೂ ಸಲ್ಲುತ್ತದೆ. ಲೋಟ ಸುತ್ತಿತು. ಹಸಿದ ಜನ ಲಿಬ್ರಾದಾಳನ್ನು ಕಣ್ಣಲ್ಲೇ ತಿನ್ನುತ್ತಿದ್ದರು. ಅವಳು ತನ್ನ ಸರದಿಯದನ್ನು ಹೀರಿ, ಲೋಟ ಮರಳಿಸಿ, ತಲೆ ತಗ್ಗಿಸಿದಳು.

"ಉಪಕಾರ," ಅಂದಳು. ಎಂದೂ ಅನ್ನದವಳು ಅಂದಳು. ಶಾಲು ಎತ್ತಿಕೊಂಡು ಎದ್ದಳು. ಇನ್ನು ಈ ಅಂಗಳಕ್ಕೆ ಬರುವುದಿಲ್ಲ ಎಂದು ಅವಳ ಬೆನ್ನೇ ಹೇಳುತ್ತಿತ್ತು.

ಒಬ್ದುಲಿಯಾ ಲೋಟಕ್ಕೆ ಮತ್ತೆ ನೀರು ತುಂಬಿದಳು. ತುಂಬಿ ಲಿಬ್ರಾದಾಳ ಕಡೆಗೇ ಚಾಚಿದಳು. ಉಪಕಾರ ಎಂದವರಿಗೆ ಹಾಗೆ ಮಾಡುವ ಪದ್ಧತಿ ಎಲ್ಲೂ ಇಲ್ಲ. ಚಿಕ್ಕಪ್ಪ ಹಲ್ಲಿಲ್ಲದ ಬಾಯಿ ತೆರೆದು ನೋಡಿದ.

"ಮನೆಮಂದಿಗೆಲ್ಲ ಕಲ್ಲು ತಿನ್ನಿಸಿ ಉಪಕಾರ ಅಂತ ಎದ್ದು ಹೋಗ್ತಾಳಂತೆ. ಕೂತ್ಕೋ. ನಾಳೆ ಒಲೆ ಹಚ್ತೀನಿ. ಮೂಳೆ ಸಾರು ಮಾಡ್ತೀನಿ, ಎರಡು ಹೊತ್ತೂ ಬಂದು ಕುಡೀಬೇಕು. ಆ ಸೀಮೆಬದನೇನ ಹಂದಿಗೆ ಹಾಕು, ಅದು ತಿಂದ್ರೆ."

"ಮುಂದಿನ ವರ್ಷ ಯಾರು ನಾದೋದು?" ಎಂದು ಕೇಳಿಯೇಬಿಟ್ಟಳು ಒಬ್ಬ ಸೊಸೆ.

"ರುಫೀನೋ ನಾದ್ತಾನೆ. ಕೈ ಎರಡೂ ನೆಟ್ಟಗಿವೆ, ಅವಕ್ಕೆ ಕೆಲಸ ಮಾತ್ರ ಇಲ್ಲ. ನಾವಿಬ್ಬರೂ ಆಚೆ ಈಚೆ ಕೂತು ಬೈತೀವಿ."

"ಗಂಡಸು ಮರಿಗೆ ಮುಟ್ಟೋದಾ?" ಎಂದ ರುಫೀನೋ.

"ನಿನ್ನ ತಂಗಿ ಮುಟ್ಟಿ ಆಯ್ತಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೇನಾಗಬೇಕು?"

ಲಿಬ್ರಾದಾ ಕೂತಳು. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಹೀರಿ ಮರಳಿಸಿದಳು. ಮುಂದಿನ ಸರದಿ ಒಬ್ದುಲಿಯಾಳದು. ಇಷ್ಟು ದಿನವೂ ಅವಳು ಎಲ್ಲರ ಎದುರು ಲೋಟವನ್ನು ಒಂದೇ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು ಕುಡಿಯುತ್ತಿದ್ದಳು. ಆ ದಿನ ಎರಡೂ ಅಂಗೈಯಲ್ಲಿ ಹಿಡಿದು ಕುಡಿದಳು.