ಗಿಟಾರಿನವನ ಉಡಿ

ಆ ಗಿಟಾರಿನವನಿಗೆ ಮೀಸೆ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಈ ಕತೆ ಹೇಳುವಾಗಲೆಲ್ಲ ಒಂದಿಷ್ಟು ಮೀಸೆ ಸೇರಿಸುತ್ತ ಬಂದಿದ್ದೇನೆ; ನನ್ನ ನೆನಪಿನಲ್ಲಿ ಅದೀಗ ಗದ್ದದವರೆಗೆ ಇಳಿದಿದೆ. ಎಪ್ಪತ್ತರ ದಶಕದ ಕೊನೆ ಎನ್ನುವುದು ಖಾತ್ರಿ, ಬಾಗಲಕೋಟೆ ಎನ್ನುವುದೂ. ನಮ್ಮ ಕಾಲೇಜಿನ ಮೈದಾನದಲ್ಲಿ ಶನಿವಾರ, ರವಿವಾರ ಎರಡು ಸಂಜೆ ರಾಕ್ ಸಂಗೀತ. ಹುಬ್ಬಳ್ಳಿ, ಬೆಳಗಾವಿಯಿಂದ ಬ್ಯಾಂಡುಗಳು. ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯಲ್ಲಿ ಊದುವವರು ಎಂದುಕೊಂಡಿದ್ದ ಊರಿಗೆ ಇದು ಹೊಸತು.

ನನಗೆ ಎರಡೂ ಸಂಜೆ ಬೇಕಿತ್ತು. ಅಪ್ಪ ಅರ್ಧ ವರ ಕೊಟ್ಟರು.

"ಶನಿವಾರ ನಿಮ್ಮ ಅತ್ತಿನ್ನ ಕರಕೊಂಡು ಹೋಗು. ಉದ್ದಗೂದಲದ ಗಂಡುಹುಡುಗ್ರ ಕುಣಿದಾಟ ಇದ್ರ, ರವಿವಾರ ಮನ್ಯಾಗ ಕೂಡು."

ಅತ್ತೆ ಎಂದರೆ ಅಪ್ಪನ ಅಕ್ಕ, ಇಳಕಲ್ಲಿಗೆ ಕೊಟ್ಟವಳು. ಬಾದಾಮಿಯ ಬೀಗರ ಮನೆಯಲ್ಲಿ ಉಡಿ, ಅಂದರೆ ಹೆಣ್ಣುಮಕ್ಕಳಿಗಷ್ಟೇ ತುಂಬುವ ಮಡಿಲು, ತುಂಬಿಸಿಕೊಂಡು ಅಂದೇ ನಮ್ಮಲ್ಲಿಗೆ ಬಂದಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇನ್ನೂ ಕೈಚೀಲದಲ್ಲೇ ಇದ್ದವು. ನಮ್ಮ ಕಡೆ ಉಡಿಯ ಖಣ ಇರುವುದು ಹೊಲಿಸಿಕೊಳ್ಳಲಿಕ್ಕಲ್ಲ, ಊರೂರು ತಿರುಗಲಿಕ್ಕೆ. ಅವ್ವ ಕೊಟ್ಟ ಹಸಿರು ಖಣವೊಂದು ಹುನಗುಂದ ಸುತ್ತಿ ಅವ್ವನ ಉಡಿಗೇ ಮರಳಿದ್ದನ್ನು ನಾನು ಕಂಡಿದ್ದೇನೆ. ಅಥವಾ ಕೇಳಿದ್ದೇನೆ.

ಶನಿವಾರ ಸಂಜೆ ಮೊದಲ ಪೆಟ್ಟಿಗೇ ನಾವು ಕುಳಿತ ಜಮಖಾನೆ ನಡುಗಿತು. ಡ್ರಮ್ಮಿನವನ ಕೈ ಎಣಿಸಹೋದರೆ ಬಾದಾಮಿ ಗುಹೆಯ ಹದಿನೆಂಟು ಕೈಯ ನಟರಾಜ ನೆನಪಾದ. ಇತಿಹಾಸದ ವಿದ್ಯಾರ್ಥಿನಿ ನಾನು. ಆ ಶಿವನ ಕಾಲಿಗೂ ಇಂಥದೇ ತಾಳ ಬೇಕಾಗಿದ್ದೀತು ಎಂದು ಜೊತೆಗೆ ಕುಳಿತಿದ್ದ ಗೆಳತಿಗೆ ವಿವರಿಸಿದೆ. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ, ಅವಳ ಪುಣ್ಯ. ಇಂಗ್ಲಿಷ್ ಹಾಡಿನ ಒಂದು ಶಬ್ದವೂ ತಿಳಿಯದೆ, ಎಲ್ಲ ತಿಳಿದವಳಂತೆ ತಲೆ ಕುಣಿಸಿದೆ. ಎದೆಯ ಕದವನ್ನು ಯಾರೋ ದಬದಬ ಬಡಿಯುತ್ತಿದ್ದರು. ನಾಳೆಯೂ ಬರಲೇಬೇಕು ಅನ್ನಿಸಿತು.

ಪಕ್ಕಕ್ಕೆ ನೋಡಿದರೆ ಅತ್ತೆ ಇಲ್ಲ. ವೇದಿಕೆಯ ಮೇಲಿದ್ದಾಳೆ! ಬೆನ್ನ ತುಂಬ ಕೂದಲು ಬಿಟ್ಟ ಗಿಟಾರಿನವನ ಮುಂದೆ ನಿಂತು ಕೈಚೀಲದಿಂದ ಖಣ ತೆಗೆಯುತ್ತಿದ್ದಾಳೆ. ಗಿಟಾರು ನಿಂತಿತು. ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು:

"ಉಡಿ ಒಡ್ಡವ್ವಾ. ಎಷ್ಟ ಛಂದ ಬಾರಸ್ತಿ! ದೃಷ್ಟಿ ಆದೀತು."

ಆ ಬಡಪಾಯಿ ಹೂವಿನ ಅಂಗಿಯ ಅಂಚು ಹಿಡಿದು ಒಡ್ಡಿದ. ಅತ್ತೆ ಅಕ್ಕಿ, ಕೊಬ್ಬರಿ, ಖಣ ಹಾಕಿ, ಹಣೆಗೆ ಕುಂಕುಮ ಹಚ್ಚಿ ಇಳಿದಳು. ಮೈದಾನವೆಲ್ಲ ಸಿಳ್ಳೆ. ಆತ ಖಣವನ್ನು ಕೊರಳಿಗೆ ಸುತ್ತಿಕೊಂಡು ಮೊದಲಿಗಿಂತ ಜೋರಾಗಿ ಬಾರಿಸಿದ. ನಾನು ಮುಖ ಮುಚ್ಚಿಕೊಂಡೆ. ಊರೇ ನಕ್ಕ ಈ ಸುದ್ದಿ ಅಪ್ಪನಿಗೆ ತಲುಪದೆ ಇದ್ದೀತೆ? ನನ್ನ ರವಿವಾರದ ಕತೆ ಮುಗಿದಂತೆಯೇ.

ಅಪ್ಪ ಬಾಗಿಲಲ್ಲೇ ಹಿಡಿದರು. "ಹೆಂಗಿತ್ತ ಅಕ್ಕಾ? ಗಂಡುಹುಡುಗ್ರ ಏನು?"

"ಹೆಣ್ಣಮಗಳೊ ತಮ್ಮಾ! ಮನಿತನಸ್ತ ಹುಡುಗಿ. ನಾನ ಉಡಿ ತುಂಬಿ ಬಂದೇನಿ, ಊರೆಲ್ಲ ನೋಡೇತಿ. ನಾಳೆನೂ ಹೋಗೂದೈತಿ ನಾವು, ನೀ ಸುಮ್ನ ಕೂಡು."

ಅಕ್ಕ ಉಡಿ ತುಂಬಿ ಬಂದವಳನ್ನು ಗಂಡು ಎನ್ನಲು ಅಪ್ಪನಿಗೆ ಧೈರ್ಯವಾಗಲಿಲ್ಲ. ರವಿವಾರವೂ ಹೋದೆವು. ಅತ್ತೆ ಮುಂದಿನ ಸಾಲಿನಲ್ಲೇ ಕುಳಿತಳು.

ಆದರೆ ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದ್ದರೂ ದೂರದಿಂದಲೇ ಹಿಡಿಯುವ ಕಣ್ಣು ಅವಳದು. ವರ್ಷಗಳ ಮೇಲೆ ಇಳಕಲ್ಲಿನಲ್ಲಿ, ನಾನು ಹೊರಟುನಿಂತಾಗ, ಅವಳು ನನ್ನ ಉಡಿಗೆ ಅಕ್ಕಿ ಹಾಕುತ್ತಿದ್ದಳು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಖರೆ ಹೇಳು. ಕುಂಕುಮ ಹಚ್ಚುವಾಗ ಅವನ ಮೀಸಿ ನಿನಗ ಕಂಡಿತ್ತೋ, ಇಲ್ಲೋ?"