ಬೋಳ್ತಲಿಯ ರಜಾ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಹೊನ್ನೂರಪ್ಪ ಇಪ್ಪತ್ತೊಂದು ವರ್ಷ ಹಮಾಲಿ ಮಾಡಿದ. ತೊಂಬತ್ತೇಳರಲ್ಲಿ, ಇನ್ನೂ ಮೀಸೆ ಮೂಡುತ್ತಿದ್ದಾಗ ಚೀಲಕ್ಕೆ ಬೆನ್ನು ಕೊಟ್ಟವನು, ಕೊನೆಯ ಎಂಟು ವರ್ಷ ಹನ್ನೆರಡು ಹಮಾಲರ ಟೋಳಿಗೆ ಮೇಸ್ತ್ರಿಯಾಗಿದ್ದ. ಯಾರನ್ನು ಲಾರಿ ಮೇಲೆ ಹತ್ತಿಸಬೇಕು, ಯಾರನ್ನು ಅದಕ್ಕೆ ಆನಿಸಿದ ಹಲಗೆ ಮೇಲೆ ಓಡಾಡಿಸಬೇಕು, ಯಾರು ಇವತ್ತು ಹೆಂಡತಿಯೊಡನೆ ಜಗಳ ಮಾಡಿಕೊಂಡು ಬಂದಿದ್ದಾನೆ, ಎಲ್ಲ ಮುಖ ನೋಡಿದರೆ ಸಾಕು ಅವನಿಗೆ ತಿಳಿಯುತ್ತಿತ್ತು. ಇಷ್ಟೆಲ್ಲ ತಿಳಿದವನಿಗೆ ಹಲಗೆ ಸವೆದದ್ದು ಮಾತ್ರ ತಿಳಿಯಲಿಲ್ಲ ನೋಡಿ! ಎರಡು ಸಾವಿರದ ಹದಿನೆಂಟರ ಸುಗ್ಗಿಯಲ್ಲಿ ಹಲಗೆ ಮುರಿದು ಅವನೂ ಚೀಲವೂ ಒಟ್ಟಿಗೆ ಬಿದ್ದರು. ಚೀಲಕ್ಕೆ ಏನೂ ಆಗಲಿಲ್ಲ. ಇವನ ಮೊಣಕಾಲು ಚೂರಾಯಿತು.

ಆಸ್ಪತ್ರೆಯಿಂದ ಬಂದ ದಿನ ಟೋಳಿಯ ಪಂಪಣ್ಣ ಅವನನ್ನು ನೋಡಲು ಮನೆಗೆ ಬಂದ. ಅವನಿಗೆ ಚೀಲ ಹೊರುವುದನ್ನು ಕಲಿಸಿದ್ದೇ ಹೊನ್ನೂರಪ್ಪ. ಈಗ ಟೋಳಿ ಪಂಪಣ್ಣನ ಕೈಗೆ ಹೋಗಿತ್ತು.

"ಕಾಲ್ ಆರಾಮ ಆಗೂತನಕ ರಜಾ ಮಾಡ್ರಿ ಕಾಕಾ. ನಿಮ್ ಜಾಗಾ ಎಲ್ಲಿ ಹೊಕ್ಕೈತ್ರಿ?" ಎಂದ.

ಆ ಒಂದು ಮಾತನ್ನು ಹಿಡಿದುಕೊಂಡು ಹೊನ್ನೂರಪ್ಪ ಮೂರು ತಿಂಗಳು ಕೂತ. ಬೇರೇನೂ ಬೇಡ, ಮತ್ತೆ ಆ ಟೋಳಿಯ ಜೊತೆ ನಿಲ್ಲಬೇಕು. ಚೀಲ ಹೊರಲಾಗದಿದ್ದರೆ ಚೀಲದ ಬಾಯಿ ಹೊಲಿಯುತ್ತಾದರೂ ಕೂತೇನು ಎಂದುಕೊಂಡಿದ್ದ.

ಕೂತವನ ಸಿಟ್ಟು ಮಾತ್ರ ನೆತ್ತಿಗೇರಿತು. ಸಾರಿಗೆ ಉಪ್ಪು ಕಡಿಮೆಯಾದರೆ ಹೆಂಡತಿ ಮಾರೆವ್ವನ ಮೇಲೆ ಹಾರಾಡುವನು, ಹೆಚ್ಚಾದರೂ ಹಾರಾಡುವನು. ಗಂಗಾವತಿಗೆ ಓದಲು ಹೋಗಿಬರುತ್ತಿದ್ದ ಮಗಳು ರಂಜಿತಾ ಸಾಕುಬೇಕಾಗಿ, ಕಾಲೇಜಿನಲ್ಲಿ ಸಿಕ್ಕ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಚ್ಚಿಕೊಟ್ಟಳು.

"ಇದು ಬಾಡಿಗಿ ಸಿಪಾಯಿಗಳ ಟೋಳಿ ಅಪ್ಪಾ. ಯಾರ್ ರೊಕ್ಕಾ ಕೊಡ್ತಾರ ಅವ್ರ ಕಡೆ ಬಡದಾಡ್ತಾರ. ನೀನ ಮೇಸ್ತ್ರಿ."

ಮೇಸ್ತ್ರಿ! ಅಷ್ಟಕ್ಕೇ ಅವನು ಬಿದ್ದ. ಇಂಗ್ಲಿಷ್ ಬರುವುದಿಲ್ಲ, ಯಾವ ಗುಂಡಿ ಯಾತಕ್ಕೆ ಎಂದು ರಂಜಿತಾ ಒಮ್ಮೆ ಹೇಳಿದ್ದನ್ನು ಚಿತ್ರ ನೋಡಿ ನೆನಪಿಟ್ಟುಕೊಂಡ. ಸಿಪಾಯಿಗಳ ಹೆಸರು ಯಾರಿಗೆ ಬೇಕು? ಗಡ್ಡದಾಂವ, ಉದ್ದಾಂವ, ಬೋಳ್ತಲಿ ಎಂದು ತಾನೇ ಕರೆದ. ದಣಿದವನನ್ನು ಹಿಂದಕ್ಕೆ ಎಳೆದುಕೊಂಡು ದಮ್ಮಿದ್ದವನನ್ನು ಮುಂದೆ ಬಿಟ್ಟ. ಆ ಆಟದಲ್ಲಿ ಸತ್ತವನು ಸತ್ತನೇ, ಎದ್ದು ಬರುವ ಮಾತಿಲ್ಲ. ಉದ್ದಾಂವ ಕಳ್ಳರ ಕೈಯಲ್ಲಿ ಸತ್ತಾಗ ಹೊನ್ನೂರಪ್ಪ ಊಟ ಬಿಟ್ಟ.

"ಯಾಕ್ರಿ, ಅಂವೇನ್ ನಿಮ್ ದೊಡ್ಡಪ್ಪನ ಮಗನ?" ಎಂದು ಮಾರೆವ್ವ ನಕ್ಕಳು. ಅವನಿಗೆ ನಗು ಬರಲಿಲ್ಲ.

ಬೋಳ್ತಲಿ ಎಂದರೆ ಅವನ ಬಲಗೈ. ಎಂಥ ಜಗಳವಾದರೂ ಈಟಿಯಂಥ ಭರ್ಚಿ ಹಿಡಿದು ಮುಂದೆ ನಿಲ್ಲುವವನು. ಒಂದು ದಿನ ಅವನ ಮೊಣಕಾಲಿಗೆ ಕೊಡಲಿಯೇಟು ಬಿತ್ತು. ಅಯ್ಯೋ ಶಿವನೆ, ಅದೂ ಬಲಗಾಲು, ತನ್ನದೂ ಅದೇ ಕಾಲು! ಮುಂದೆ ಬಿಟ್ಟರೆ ಸಾಯುತ್ತಾನೆ, ಹಿಂದೆ ಕೂರಿಸಿ ಪಗಾರ ಕೊಟ್ಟರೆ ಉಳಿದವರ ಮುಖ ಗಂಟಾಗುತ್ತದೆ. ಆಗ ಹೊನ್ನೂರಪ್ಪನಿಗೆ ಬಾಗಿಲಿನ ಚಿತ್ರದ ಗುಂಡಿ ನೆನಪಾಯಿತು. ಅದೇನೆಂದು ಮೊದಲ ದಿನ ಕೇಳಿದ್ದಾಗ ರಂಜಿತಾ ಪುಸ್ತಕದಿಂದ ತಲೆಯೆತ್ತದೆ, "ಅದು ಡಿಸ್‌ಮಿಸ್. ಸಂಜಿಕ ಸಾಲಿ ಬಿಡ್ತಾರಲ್ಲ, ಹಂಗ. ರಜಾ ಕೊಡೂದು" ಎಂದಿದ್ದಳು.

ಅವನು ಒತ್ತಿದ. "ಆರಾಮಾಗಿ ಬಾರೋ ತಮ್ಮಾ, ನಿನ್ ಜಾಗಾ ಎಲ್ಲಿ ಹೊಕ್ಕೈತಿ" ಎಂದು ಬಾಯಿಬಿಟ್ಟು ಹೇಳಿದ ಕೂಡ. ಬೋಳ್ತಲಿ ಹೋದ, ಭರ್ಚಿ ಟೋಳಿಯ ಸಾಮಾನಿನಲ್ಲಿ ಉಳಿಯಿತು. ಬಂದ ಮೇಲೆ ಬೇಕಾಗುತ್ತದಲ್ಲ, ಬಿಟ್ಟುಹೋಗಿದ್ದಾನೆ ಎಂದುಕೊಂಡ.

ಅಲ್ಲಿಂದ ಆಟ ಹದಗೆಟ್ಟಿತು. ಬೋಳ್ತಲಿಯ ಜಾಗಕ್ಕೆ ಬೇರೆಯವನನ್ನು ತೆಗೆದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಒಬ್ಬ ಕಡಿಮೆ ಇಟ್ಟುಕೊಂಡೇ ಬಡಿದಾಡಿಸಿದ, ಸೋತ, ಮತ್ತಿಬ್ಬರನ್ನು ಕಳೆದುಕೊಂಡ. ಹೋದ ಊರಲ್ಲೆಲ್ಲ ಬೋಳು ತಲೆಯೊಂದು ಕಂಡೀತೇ ಎಂದು ಹುಡುಕಿದ.

ಅದೇ ವಾರ ಪಂಪಣ್ಣ ಮತ್ತೆ ಬಂದ. ಕೈಯಲ್ಲಿ ಹೊನ್ನೂರಪ್ಪನ ಕಬ್ಬಿಣದ ಕೊಕ್ಕೆಯಿತ್ತು, ಇಪ್ಪತ್ತೊಂದು ವರ್ಷ ಚೀಲಕ್ಕೆ ಚುಚ್ಚಿ ಎಳೆದ ಕೊಕ್ಕೆ.

"ಗಿರಣ್ಯಾಗ ತುಕ್ಕ್ ಹಿಡ್ಯಾಕತ್ತಿತ್ರಿ ಕಾಕಾ, ಮನ್ಯಾಗ ಇರ್ಲಿ. ರಜಾ ಮುಗೀಲಿ, ನೋಡೂಣಂತ" ಎಂದು ಚಹಾ ಗಟಗಟ ಕುಡಿದು ಎದ್ದು ಹೋದ. ಹೊನ್ನೂರಪ್ಪನಿಗೆ ಹಿಗ್ಗೋ ಹಿಗ್ಗು. ಕೊಕ್ಕೆಗೆ ಎಣ್ಣೆ ಸವರಿ ತಲೆದಿಂಬಿನ ಪಕ್ಕ ಇಟ್ಟುಕೊಂಡ.

ಸಂಜೆ ರಂಜಿತಾ ಕಾಲೇಜಿನಿಂದ ಬಂದಾಗ ಕೇಳಿದ, "ಯವ್ವಾ, ಈ ಬೋಳ್ತಲಿ ರಜಾ ಮುಗಿಸ್ಕೊಂಡು ಎಂದ ಬರ್ತಾನ?"

ಅವಳು ಪರದೆ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಪ್ಪಾ, ಅಂವ ಬರಂಗಿಲ್ಲ. ಅದು ರಜಾ ಅಲ್ಲ, ಕೆಲಸದಿಂದ ತಗದ ಹಾಕೂದು. ನಾನ ತಪ್ಪ್ ಹೇಳಿದ್ನಿ."

ಹೊನ್ನೂರಪ್ಪ ದಿಂಬಿನ ಪಕ್ಕದ ಕೊಕ್ಕೆಯನ್ನು ಕೈಗೆತ್ತಿಕೊಂಡ. ಆಮೇಲೆ ಕೇಳಿದ, "ಹಂಗಾರ, ಪಂಪಣ್ಣ ಅಂದಿದ್ ರಜಾ?"

ರಂಜಿತಾ ತಾಯಿಯ ಮುಖ ನೋಡಿದಳು. ಮಾರೆವ್ವ ಒಲೆಯ ಕಡೆ ತಿರುಗಿಕೊಂಡಳು. ಆ ರಜಾ ಮುಗಿಯುವಂಥದ್ದಲ್ಲ ಎಂದು ಅವರಿಬ್ಬರಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಹೊನ್ನೂರಪ್ಪನಿಗೆ ಎದ್ದು ಕೂಗಾಡಬೇಕು ಅನ್ನಿಸಿತು, ಏಳಲು ಕಾಲಿಲ್ಲ. ಪಂಪಣ್ಣನನ್ನು ಬಯ್ಯಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ತಾನೂ ಅದನ್ನೇ ಮಾಡಿದ್ದ, ಅದೇ ಮಾತು ಹೇಳಿ.

ಕೊಕ್ಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳಿಗೆ ಹೇಳಿದ, "ಬೋಳ್ತಲಿ ಭರ್ಚಿ ನಾ ಇಟ್ಕೊಂಡ್ನಿ ನೋಡವಾ. ಪಂಪಣ್ಣ ನನ್ ಕೊಕ್ಕಿ ನನಗ ಕೊಟ್ಟ ಹೋಗ್ಯಾನ. ನನಗಿಂತ ಛಲೋ ಮೇಸ್ತ್ರಿ ಅಂವ."